ಎರಡು ವರ್ಷದ ಬಳಿಕ ಯಾವ ಬಾಗಿಲು?

ನಮ್ಮಲ್ಲಿ ಡಿಪ್ಲೊಮಾ ಮುಗಿಸಿದವರು ಡಿಸಿಇಟಿ ಬರೆದು ಎಂಜಿನಿಯರಿಂಗಿನ ಎರಡನೆಯ ವರ್ಷಕ್ಕೆ ನೇರವಾಗಿ ಸೇರುತ್ತಾರೆ. ಅಮೆರಿಕದಲ್ಲೂ ಇದನ್ನು ಹೋಲುವ ಒಂದು ದಾರಿಯಿದೆ. ಅಲ್ಲಿ ಪದವಿಗೆ ನಾಲ್ಕು ವರ್ಷ. ಮೊದಲ ಎರಡನ್ನು ಮನೆಯ ಹತ್ತಿರದ ಕಮ್ಯುನಿಟಿ ಕಾಲೇಜಿನಲ್ಲಿ ಓದಿ, ಮೂರನೆಯ ವರ್ಷಕ್ಕೆ ವಿಶ್ವವಿದ್ಯಾಲಯ ಸೇರಬಹುದು. ಆದರೆ ಎಲ್ಲರಿಗೂ ಒಂದೇ ಪರೀಕ್ಷೆ, ಒಂದೇ ಕೌನ್ಸೆಲಿಂಗ್ ಎಂಬುದು ಅಲ್ಲಿಲ್ಲ. ಎಲ್ಲಿಗೆ ಹೋಗಬೇಕೆಂದು ವಿದ್ಯಾರ್ಥಿಯೇ ಹುಡುಕಿಕೊಳ್ಳಬೇಕು.

ಕ್ಯಾಲಿಫೋರ್ನಿಯಾವನ್ನೇ ನೋಡೋಣ. 1960ರ ಶಿಕ್ಷಣ ಯೋಜನೆ ಈ ದಾರಿಯನ್ನು ಆ ರಾಜ್ಯದ ವ್ಯವಸ್ಥೆಯೊಳಕ್ಕೇ ಸೇರಿಸಿತು. ಈಗ ಅಲ್ಲಿ 116 ಕಮ್ಯುನಿಟಿ ಕಾಲೇಜುಗಳಿವೆ. ರಾಜ್ಯದ ನಿವಾಸಿಗಳಿಗೆ ಶುಲ್ಕ ಒಂದು ಯೂನಿಟ್‌ಗೆ (ಪಾಠಗಳನ್ನು ಅಳೆಯುವ ಘಟಕಕ್ಕೆ) 46 ಡಾಲರ್. ವಿದ್ಯಾರ್ಥಿ ವೀಸಾದಲ್ಲಿ ಭಾರತದಿಂದ ಹೋದವರು ಇದಕ್ಕಿಂತ ಬಹಳ ಹೆಚ್ಚು ಕಟ್ಟಬೇಕಾಗುತ್ತದೆ.

ಹೆಚ್ಚಿನವರು ಮೊದಲು ನೋಡುವುದು ವಿಶ್ವವಿದ್ಯಾಲಯದ ಹೆಸರು, ರ‍್ಯಾಂಕು. ನನ್ನ ಪ್ರಕಾರ ಮೊದಲು ನೋಡಬೇಕಾದ್ದು ಬೇರೆ: ನಾನು ಓದಿದ ಪಾಠಗಳಲ್ಲಿ ಎಷ್ಟನ್ನು ಅವರು ನನ್ನ ಮುಖ್ಯ ವಿಷಯದ ಲೆಕ್ಕಕ್ಕೆ ಹಿಡಿಯುತ್ತಾರೆ? ಯೂನಿಟ್ ಒಪ್ಪಿಕೊಂಡಿದ್ದೇವೆ ಎಂದ ಮಾತ್ರಕ್ಕೆ ಅದು ಆ ವಿಷಯದ ಲೆಕ್ಕಕ್ಕೆ ಬಂತು ಎಂದಲ್ಲ. ಮೂರು ಯೂನಿಟ್‌ಗಳ ಒಂದು ಗಣಿತ ಪಾಠ ಒಟ್ಟು ಮೊತ್ತದಲ್ಲಿ ಸೇರಿಯೂ, ಎಂಜಿನಿಯರಿಂಗಿಗೆ ಬೇಕಾದ ಗಣಿತವಾಗಿ ನಿಲ್ಲದೆ ಹೋಗಬಹುದು. ಆಗ ಅದೇ ಗಣಿತವನ್ನು ಮತ್ತೆ ಓದಬೇಕು. ಎರಡು ವರ್ಷದಲ್ಲಿ ಮುಗಿಯಬೇಕಾದ್ದು ಮೂರಕ್ಕೆ ಎಳೆಯುತ್ತದೆ, ಉಳಿಸಿದ ಹಣವೂ ಕರಗುತ್ತದೆ. ಇದನ್ನು ಮೊದಲೇ ತಿಳಿಯಲು ‘ಅಸಿಸ್ಟ್’ ಎಂಬ ಉಚಿತ ಜಾಲತಾಣವಿದೆ. ನಿಮ್ಮ ಕಾಲೇಜು, ಸೇರಬೇಕೆಂದಿರುವ ಸರ್ಕಾರಿ ವಿಶ್ವವಿದ್ಯಾಲಯ, ಮುಖ್ಯ ವಿಷಯ ಇವನ್ನು ಆರಿಸಿಕೊಟ್ಟರೆ, ಇಲ್ಲಿಯ ಯಾವ ಪಾಠ ಅಲ್ಲಿಯ ಯಾವುದಕ್ಕೆ ಸಮ ಎಂಬುದನ್ನು ಎದುರುಬದುರಾಗಿ ಇಟ್ಟು ತೋರಿಸುತ್ತದೆ. ಖಾಸಗಿ ವಿಶ್ವವಿದ್ಯಾಲಯಗಳಾದರೆ ಅವನ್ನೇ ನೇರವಾಗಿ ಕೇಳಬೇಕು.

ಎರಡನೆಯದು ಭರವಸೆ. ಯೂನಿವರ್ಸಿಟಿ ಆಫ್ ಕ್ಯಾಲಿಫೋರ್ನಿಯಾದ ಆರು ಕ್ಯಾಂಪಸ್ಸುಗಳು (ಡೇವಿಸ್, ಅರ್ವೈನ್, ಮರ್ಸೆಡ್, ರಿವರ್‌ಸೈಡ್, ಸಾಂತಾ ಬಾರ್ಬರಾ, ಸಾಂತಾ ಕ್ರೂಜ್) ಗೊತ್ತುಪಡಿಸಿದ ಅಂಕ, ಪಾಠಗಳನ್ನು ಪೂರೈಸಿದವರಿಗೆ ಸೀಟು ಖಚಿತ ಎನ್ನುವ ‘ಟ್ಯಾಗ್’ ಒಪ್ಪಂದ ಮಾಡಿಕೊಳ್ಳುತ್ತವೆ. ಒಬ್ಬರಿಗೆ ಒಂದೇ ಕ್ಯಾಂಪಸ್. ಬೇಡಿಕೆ ಹೆಚ್ಚಿರುವ ಕೆಲವು ವಿಷಯಗಳು ಇದರಿಂದ ಹೊರಗಿವೆ. ಬರ್ಕ್ಲಿ, ಲಾಸ್ ಏಂಜಲಿಸ್, ಸ್ಯಾನ್ ಡಿಯೇಗೊಗಳಲ್ಲಿ ಟ್ಯಾಗ್ ಇಲ್ಲ. ಅಲ್ಲಿಗೂ ಅರ್ಜಿ ಹಾಕಿ, ಧೈರ್ಯವಾಗಿ ಹಾಕಿ. ಆದರೆ ಕೈಯಲ್ಲಿ ಒಂದು ಖಚಿತ ಸೀಟನ್ನು ಇಟ್ಟುಕೊಂಡೇ ಹಾಕಿ.

ರಾಜ್ಯದ ಮತ್ತೊಂದು ಸರ್ಕಾರಿ ವಿಶ್ವವಿದ್ಯಾಲಯ ವ್ಯವಸ್ಥೆಯಾದ ಕ್ಯಾಲಿಫೋರ್ನಿಯಾ ಸ್ಟೇಟ್ ಯೂನಿವರ್ಸಿಟಿಯದು ಇನ್ನೊಂದು ಬಗೆ. 2010ರ ಕಾಯ್ದೆಯಿಂದ ಬಂದ ವರ್ಗಾವಣೆಯ ಅಸೋಸಿಯೇಟ್ ಪದವಿಯನ್ನು ಕಮ್ಯುನಿಟಿ ಕಾಲೇಜಿನಲ್ಲಿ ಪಡೆದವರಿಗೆ ಆ ವ್ಯವಸ್ಥೆಯಲ್ಲಿ ಎಲ್ಲಾದರೂ ಒಂದು ಕಡೆ ಜಾಗ ಸಿಗುತ್ತದೆ. ಬೇಕೆಂದ ಕ್ಯಾಂಪಸ್ಸೇ ಸಿಗುತ್ತದೆಂಬ ಖಾತ್ರಿ ಇಲ್ಲ.

ಸ್ಯಾನ್ ಹೋಸೆ, ಕ್ಯುಪರ್ಟಿನೊ ಕಡೆಯ ಕನ್ನಡದ ಮನೆಗಳಿಗೆ ಒಂದು ಮಾತು. ಮಗಳು ಕಮ್ಯುನಿಟಿ ಕಾಲೇಜಿಗೆ ಹೋಗುತ್ತಾಳೆ ಎಂದು ಹೇಳಲು ಸಂಕೋಚಪಡಬೇಡಿ. ಪದವಿ ಪತ್ರ ಕೊಡುವುದು ಕೊನೆಗೆ ಓದಿದ ವಿಶ್ವವಿದ್ಯಾಲಯ, ಅದರಲ್ಲಿರುವುದೂ ಅದರದೇ ಹೆಸರು. ಸಂಕೋಚದಲ್ಲಿ ಕಳೆಯುವ ದಿನಗಳೇ ದುಬಾರಿ, ಯಾಕೆಂದರೆ ಕಾಲ ಕಾಣುವಷ್ಟು ಉದ್ದವಿಲ್ಲ. ಟ್ಯಾಗ್ ಅರ್ಜಿ ತುಂಬುವುದು ಸೆಪ್ಟೆಂಬರ್ ತಿಂಗಳಲ್ಲಿ, ಸೇರುವುದು ಮರುವರ್ಷದ ಶರತ್ಕಾಲದಲ್ಲಿ. ಎರಡೇ ವರ್ಷದಲ್ಲಿ ಮೇಲೆ ಹೋಗಬೇಕೆನ್ನುವವಳು ಆ ಅರ್ಜಿಗೆ ಕೂರುವ ಹೊತ್ತಿಗೆ ಕಾಲೇಜಿನಲ್ಲಿ ಮುಗಿಸಿರುವುದು ಒಂದೇ ವರ್ಷ.