ಐವತ್ತು ಕಿಲೋಮೀಟರಿಗೆ ಎಷ್ಟು ಬೆಲ್ಲ?

ಚಳ್ಳಕೆರೆಯಿಂದ ಬಳ್ಳಾರಿ ಕಡೆಗೆ ಹೋಗುವ ರಸ್ತೆಯಲ್ಲಿ ಬೆಳಗಿನ ಜಾವ ಬಸ್ಸಿನಲ್ಲಿ ಹೋದವರು ಗಮನಿಸಿರಬಹುದು. ಅಲ್ಲಲ್ಲಿ ನಾಲ್ಕಾರು ಹುಡುಗರು ಏದುಸಿರು ಬಿಡುತ್ತಾ ಓಡುತ್ತಿರುತ್ತಾರೆ. ಅದು ಹವ್ಯಾಸವಲ್ಲ, ಹೊಟ್ಟೆಪಾಡು. ಪೊಲೀಸ್ ಕಾನ್‌ಸ್ಟೆಬಲ್ ಆಗಬೇಕಾದರೆ 1600 ಮೀಟರನ್ನು ಆರೂವರೆ ನಿಮಿಷದೊಳಗೆ ಓಡಿ ಮುಗಿಸಬೇಕು. ನಮ್ಮ ಸೀಮೆಯಲ್ಲಿ ಓಟವೆಂದರೆ ಒಂದೋ ಶಾಲೆಯ ಕ್ರೀಡಾಕೂಟದ ನೂರು ಮೀಟರು, ಇಲ್ಲವೇ ನೇಮಕಾತಿಯ ಈ ಸಾವಿರದ ಆರುನೂರು. ಎರಡರಲ್ಲೂ ಹಿಂದೆ ಬಿದ್ದವನು ‘ಓಟ ನನ್ನ ಕೈಲಾಗದ ಕೆಲಸ’ ಎಂದು ಹದಿನೈದನೇ ವಯಸ್ಸಿಗೇ ತೀರ್ಮಾನಿಸಿಬಿಡುತ್ತಾನೆ.

ಆದರೆ ನಿಧಾನಸ್ಥರಿಗೂ ಜಾಗವಿರುವ ಒಂದು ಓಟ ಉಂಟು. ಮ್ಯಾರಥಾನ್ ಎಂದರೆ 42.195 ಕಿ.ಮೀ. ಅದಕ್ಕಿಂತ ಉದ್ದದ್ದೆಲ್ಲ ಅಲ್ಟ್ರಾಮ್ಯಾರಥಾನ್. ಇದೇನೂ ನಿನ್ನೆ ಮೊನ್ನೆಯ ಹುಚ್ಚಲ್ಲ. ದಕ್ಷಿಣ ಆಫ್ರಿಕದ ‘ಕಾಮ್ರೇಡ್ಸ್’ ಓಟ 1921ರಲ್ಲೇ ಶುರುವಾಯಿತು. ಅದರ ದೂರ ಸುಮಾರು 90 ಕಿ.ಮೀ. 2022ರ ಜುಲೈಯಲ್ಲಿ ಬೆಂಗಳೂರಿನ ಕಂಠೀರವ ಕ್ರೀಡಾಂಗಣದಲ್ಲೇ ಏಷ್ಯಾ-ಓಷಿಯಾನಿಯಾ ಮಟ್ಟದ 24 ಗಂಟೆಗಳ ಓಟ ನಡೆಯಿತು. ಅದರಲ್ಲಿ ಭಾರತದ ಅಮರ್ ಸಿಂಗ್ ದೇವಂದಾ ಒಂದು ಹಗಲು ಒಂದು ರಾತ್ರಿಯಲ್ಲಿ 250 ಕಿ.ಮೀ.ಗೂ ಹೆಚ್ಚು ಓಡಿ ಗೆದ್ದರು. ಚಳ್ಳಕೆರೆಯಿಂದ ಬೆಂಗಳೂರಿಗೆ ಹೋಗಿ ಮುಟ್ಟಿದರೂ ಇಷ್ಟು ದೂರವಾಗುವುದಿಲ್ಲ!

ಅಂಥವರ ಮಾತು ಬಿಡಿ. ನಾನು ಹೇಳಹೊರಟಿರುವುದು ಮೊದಲ ಸಲ ಓಡುವವರ ಲೆಕ್ಕ. ಐವತ್ತು ದಾಟಿದ ಮೇಲೆ ನಾನೂ ಐವತ್ತು ಕಿ.ಮೀ. ಓಡಿ ಬಂದೆ. ಚಿಕ್ಕಮಗಳೂರು ಸೀಮೆಯಲ್ಲಿ 2016ರಿಂದ ‘ಮಲ್ನಾಡ್ ಅಲ್ಟ್ರಾ’ ಎಂಬ ಓಟ ನಡೆಯುತ್ತಾ ಬಂದಿದೆ. ಕಾಫಿ ತೋಟ, ಕಾಡಂಚು, ಗುಡ್ಡದ ಮಣ್ಣುದಾರಿಗಳಲ್ಲಿ ಅದರ ಹಾದಿ. ಸುದ್ದಿ ತಿಳಿದ ಒಂಬತ್ತನೇ ತರಗತಿಯವರು ಕೇಳಿದ ಮೊದಲ ಪ್ರಶ್ನೆ: ‘ಸಾರ್, ಎದೆ ಒಡೆಯಲ್ವಾ?’ ವಾರದೊಳಗೆ ಒಬ್ಬ ತಂದೆ ಬಂದರು. ‘ಮೇಷ್ಟ್ರೇ, ನಮ್ಮ ಹುಡುಗ ಮುಂದಿನ ಸಲ ನಿಮ್ಮ ಜತೆ ಬರ್ತೀನಿ ಅಂತಾನೆ. ಏನ್ ಹೇಳ್ತೀರಿ?’

ಎರಡಕ್ಕೂ ಉತ್ತರ ಕೊಡುವ ಮುನ್ನ ಸ್ವಲ್ಪ ಲೆಕ್ಕ ಮಾಡೋಣ. ಮೇಷ್ಟರಿಗೆ ಸೀಮೆಸುಣ್ಣ ಸಿಕ್ಕರೆ ಬಿಡುತ್ತಾರೆಯೇ?

ಸಮತಟ್ಟಾದ ನೆಲದಲ್ಲಿ ಓಡಲು ಒಂದು ಕಿಲೋ ದೇಹತೂಕಕ್ಕೆ, ಒಂದು ಕಿ.ಮೀ.ಗೆ, ಸುಮಾರು ಒಂದು ಕಿಲೋಕ್ಯಾಲರಿ ಶಕ್ತಿ ಬೇಕು. ಜೋರಾಗಿ ಓಡಿದರೂ ನಿಧಾನವಾಗಿ ಓಡಿದರೂ ಈ ಅಂಕಿ ಹೆಚ್ಚು ಬದಲಾಗುವುದಿಲ್ಲ. ಹಾಗಾದರೆ 60 ಕಿಲೋ ತೂಗುವವನಿಗೆ 50 ಕಿ.ಮೀ.ಗೆ 3000 ಕಿಲೋಕ್ಯಾಲರಿ. ಗುಡ್ಡ ಹತ್ತುವುದು ಬೇರೆ. ಏರಿಕೆಗಳೆಲ್ಲ ಸೇರಿ 1500 ಮೀಟರ್ ಎಂದಿಟ್ಟುಕೊಳ್ಳಿ. ರಾಶಿ, ಗುರುತ್ವ, ಎತ್ತರ ಮೂರನ್ನೂ ಗುಣಿಸಿ: 60 × 9.8 × 1500 = 8,82,000 ಜೂಲ್. ಅಂದರೆ ಸುಮಾರು 210 ಕಿಲೋಕ್ಯಾಲರಿ. ‘ಇಷ್ಟೇನಾ?’ ಎನ್ನಬೇಡಿ. ನಮ್ಮ ಸ್ನಾಯುಗಳು ನಾಲ್ಕು ಪಾಲು ಶಕ್ತಿ ಸುಟ್ಟು ಒಂದು ಪಾಲು ಕೆಲಸ ಮಾಡುವ ಯಂತ್ರಗಳು; ಉಳಿದದ್ದು ಬಿಸಿಯಾಗಿ ಹೋಗುತ್ತದೆ. ಹಾಗಾಗಿ ಏರಿಕೆಗೆ 840. ಒಟ್ಟು ಸುಮಾರು 3800.

ಈಗ ಉಗ್ರಾಣ ನೋಡೋಣ. ಸ್ನಾಯು ಮತ್ತು ಯಕೃತ್ತಿನಲ್ಲಿ ಗ್ಲೈಕೋಜನ್ ರೂಪದಲ್ಲಿ ಕೂಡಿಟ್ಟ ಸಕ್ಕರೆ ಹೆಚ್ಚೆಂದರೆ ಅರ್ಧ ಕಿಲೋ, ಎಂದರೆ 2000 ಕಿಲೋಕ್ಯಾಲರಿ. ಕೊಬ್ಬು ಮಾತ್ರ ಧಾರಾಳ. ತೆಳ್ಳಗಿರುವವನ ಮೈಯಲ್ಲೂ ಹತ್ತಾರು ಸಾವಿರ ಕಿಲೋಕ್ಯಾಲರಿಗಳಷ್ಟು ಇರುತ್ತದೆ. ಆದರೆ ಕೊಬ್ಬು ಹಸಿ ಸೌದೆಯ ಹಾಗೆ, ನಿಧಾನವಾಗಿ ಉರಿಯುತ್ತದೆ. ಜೋರಾಗಿ ಓಡಿದರೆ ದೇಹ ಸಕ್ಕರೆಯನ್ನೇ ಹೆಚ್ಚು ಕೇಳುತ್ತದೆ. ಉಗ್ರಾಣ ಬರಿದಾದಾಗ ಕಾಲು ಸೀಸದಂತಾಗಿ ತಲೆ ಮಂಕಾಗುತ್ತದೆ. ನಿಧಾನವಾಗಿ ಹೋದರೆ ಕೊಬ್ಬಿನ ಪಾಲು ಹೆಚ್ಚುತ್ತದೆ, ಸಕ್ಕರೆ ಉಳಿಯುತ್ತದೆ. ಇದೇ ಇಡೀ ಓಟದ ಗುಟ್ಟು. ಮಾತಾಡುತ್ತಾ ಓಡುವಷ್ಟು ನಿಧಾನ. ಏರು ಬಂದರೆ ನಡಿಗೆ. ಕಾಡುದಾರಿಯ ದೊಡ್ಡ ಓಟಗಾರರೂ ಕಡಿದಾದ ಏರನ್ನು ನಡೆದೇ ಹತ್ತುತ್ತಾರೆ, ಅದರಲ್ಲಿ ಅವಮಾನವಿಲ್ಲ.

ಜತೆಗೆ ತಿನ್ನುತ್ತಲೂ ಇರಬೇಕು. ಓಡುವಾಗ ಕರುಳು ಗಂಟೆಗೆ ಸುಮಾರು 60 ಗ್ರಾಂ ಸಕ್ಕರೆಯನ್ನು ಹೀರಬಲ್ಲದು. ಪೇಟೆಯವರು ಇದಕ್ಕೆ ವಿದೇಶಿ ಪೊಟ್ಟಣಗಳನ್ನು ಕೊಳ್ಳುತ್ತಾರೆ. ನಾನು ಎಣ್ಣೆ ಗಿರಣಿಗಳ ಊರಿನವನು. ಬೆಲ್ಲದುಂಡೆ, ಬಾಳೆಹಣ್ಣು, ಸ್ವಲ್ಪ ಶೇಂಗಾ ಚಿಕ್ಕಿ ಕಟ್ಟಿಕೊಂಡು ಹೋದೆ. ಚಿಕ್ಕಿಯಲ್ಲಿ ಎಣ್ಣೆ ಅಂಶವಿರುವುದರಿಂದ ಜೀರ್ಣವಾಗುವುದು ತಡ, ಆದ್ದರಿಂದ ಅದು ನಡೆಯುವ ಹೊತ್ತಿಗೆ. ಬೆಲ್ಲ ಓಡುವ ಹೊತ್ತಿಗೆ. ಗಂಟೆಗೆ ಒಂದು ನಿಂಬೆಗಾತ್ರದ ಉಂಡೆ, ಒಂದು ಬಾಳೆಹಣ್ಣು.

ನೀರಿನ ವಿಷಯ ಇನ್ನೂ ಸೂಕ್ಷ್ಮ. ‘ಚೆನ್ನಾಗಿ ನೀರು ಕುಡೀರಿ’ ಎಂದು ಎಲ್ಲರೂ ಹೇಳುತ್ತಾರೆ. ಅತಿಯಾದರೆ ಅದೂ ಕೊಲ್ಲುತ್ತದೆ. ಬೆವರಿನಲ್ಲಿ ಉಪ್ಪು ಹೋಗುತ್ತದೆ. ಮೇಲೆ ಬರೀ ನೀರನ್ನೇ ಸುರಿದುಕೊಂಡರೆ ರಕ್ತದ ಸೋಡಿಯಂ ತೆಳುವಾಗಿ ಮಿದುಳು ಊದಿಕೊಳ್ಳುತ್ತದೆ. 2002ರ ಬಾಸ್ಟನ್ ಮ್ಯಾರಥಾನ್‌ನಲ್ಲಿ ಒಬ್ಬ ಯುವತಿ ಹೀಗೆಯೇ ಸತ್ತಳು. ಅದೇ ಓಟ ಮುಗಿಸಿದ 488 ಮಂದಿಯ ರಕ್ತ ಪರೀಕ್ಷಿಸಿದಾಗ ನೂರಕ್ಕೆ 13 ಮಂದಿಯಲ್ಲಿ ಸೋಡಿಯಂ ಕಡಿಮೆಯಿತ್ತು. ಹಾಗಾಗಿ ಬಾಯಾರಿದಾಗ, ಬಾಯಾರಿದಷ್ಟು. ಜತೆಗೆ ಉಪ್ಪು ಹಾಕಿದ ಮಜ್ಜಿಗೆಯೋ ನಿಂಬೆ ಪಾನಕವೋ ಇದ್ದರೆ ಒಳ್ಳೆಯದು.

ಅಭ್ಯಾಸಕ್ಕೆ ನಮ್ಮ ನೆಲಕ್ಕಿಂತ ಬೇಕೆ? ಚಳ್ಳಕೆರೆ ರಾಜ್ಯದಲ್ಲೇ ಅತಿ ಕಡಿಮೆ ಮಳೆ ಬೀಳುವ ತಾಲ್ಲೂಕುಗಳಲ್ಲೊಂದು. ಕೆಸರಿಲ್ಲ, ಜಿಗಣೆಯಿಲ್ಲ, ಜಾಲಿ ಮುಳ್ಳು ಮಾತ್ರ ಉಂಟು. ವಾರದ ನಾಲ್ಕು ದಿನ ಊರ ಸುತ್ತ ಕಿರು ಓಟ, ಭಾನುವಾರ ಉದ್ದದ್ದು. ಉದ್ದದ ಓಟಕ್ಕೆ ನಾನು ಆರಿಸಿಕೊಂಡಿದ್ದು ಮೊಳಕಾಲ್ಮುರು ತಾಲ್ಲೂಕಿನ ಅಶೋಕ ಸಿದ್ದಾಪುರದ ಸುತ್ತಿನ ಕುರಿದಾರಿಗಳನ್ನು. ಅಲ್ಲಿನ ಬ್ರಹ್ಮಗಿರಿ, ಸಿದ್ದಾಪುರ, ಜಟಿಂಗ ರಾಮೇಶ್ವರ ಮೂರೂ ಕಡೆ ಅಶೋಕನ ಶಾಸನಗಳಿವೆ; ಬಿ.ಎಲ್. ರೈಸ್ ಅವನ್ನು ಪತ್ತೆ ಮಾಡಿದ್ದು 1892ರಲ್ಲಿ. ಸುವರ್ಣಗಿರಿಯಿಂದ ಇಸಿಲದ ಅಧಿಕಾರಿಗಳಿಗೆ ಬಂದ ಅಪ್ಪಣೆ ಎಂದು ಶಾಸನವೇ ಹೇಳುತ್ತದೆ. ಇಪ್ಪತ್ತೆರಡು ಶತಮಾನಗಳ ಹಿಂದೆ ಆ ಅಪ್ಪಣೆ ಹೊತ್ತು ಈ ಬಂಡೆಗಳ ನಡುವೆ ಬಂದವನ ಉಸಿರು ಹೇಗಿತ್ತೋ ಎಂದು ಏರು ಹತ್ತುವಾಗ ಯೋಚನೆ ಬರುತ್ತಿತ್ತು. (ಇತಿಹಾಸದ ಮೇಷ್ಟರು ಇದನ್ನು ಓದಿ ನಗಬಹುದು.) ಜಟಿಂಗ ರಾಮೇಶ್ವರದ ಬೆಟ್ಟ ಹತ್ತಿ ಇಳಿಯುವುದನ್ನು ಮತ್ತೆ ಮತ್ತೆ ಮಾಡಿದರೆ ತೊಡೆಗೆ ಒಳ್ಳೆಯ ಪಾಠ. ವಾರದಿಂದ ವಾರಕ್ಕೆ ಹತ್ತರಲ್ಲಿ ಒಂದು ಪಾಲಿಗಿಂತ ಹೆಚ್ಚು ದೂರ ಏರಿಸಬಾರದೆಂಬ ರೂಢಿಯಿದೆ. ನಾನು ಹೆಚ್ಚುಕಡಿಮೆ ಹಾಗೇ ನಡೆದುಕೊಂಡೆ, ಎಂಟು ತಿಂಗಳು ಹಿಡಿಯಿತು.

ಇಳಿಜಾರಿನ ಮಾತು ಹೇಳಲೇಬೇಕು. ಏರು ಉಸಿರನ್ನು ತೆಗೆಯುತ್ತದೆ, ಇಳಿಜಾರು ಕಾಲನ್ನು. ಇಳಿಯುವಾಗ ತೊಡೆಯ ಸ್ನಾಯು ಬಿಗಿಯುತ್ತಲೇ ಹಿಗ್ಗಬೇಕಾಗುತ್ತದೆ, ಭಾರದ ಗಾಡಿಗೆ ಬ್ರೇಕು ಹಿಡಿದಂತೆ. ಆಗ ನಾರುಗಳಲ್ಲಿ ಸಣ್ಣ ಸಣ್ಣ ಹರಿತಗಳಾಗುತ್ತವೆ. ನೋವು ಕಾಣಿಸುವುದು ಮಾರನೆಯ ದಿನ, ಹೆಚ್ಚುವುದು ಎರಡನೆಯ ದಿನ. ಮೆಲ್ಲಗೆ ಅಭ್ಯಾಸ ಮಾಡಿಸಿದರೆ ನಾರು ಗಟ್ಟಿಯಾಗುತ್ತದೆ. ನೋವಿನ ಮಾತ್ರೆ ನುಂಗಿ ಓಡುವುದು ಮಾತ್ರ ಬೇಡ. ನೀರು ಕಡಿಮೆಯಾದ ದೇಹದಲ್ಲಿ ಅಂಥ ಮಾತ್ರೆಗಳು ಮೂತ್ರಪಿಂಡಕ್ಕೆ ಏಟು ಕೊಡುತ್ತವೆ.

ಚಿಕ್ಕಮಗಳೂರಿನ ಹಾದಿ ನಮ್ಮ ಕಾವಲಿನಂತಲ್ಲ. ಒದ್ದೆ ಎಲೆ, ಬೇರು, ಕೆಂಪು ಕೆಸರು, ತೋಟದ ನೆರಳು. ಕತ್ತಲೆಯಲ್ಲಿ ತಲೆಗೆ ದೀಪ ಕಟ್ಟಿಕೊಂಡು ಹೊರಟೆವು. ಕೆಲವು ಕಿ.ಮೀ.ಗೊಂದು ತಂಗುದಾಣ, ಅಲ್ಲಿ ನೀರು, ಹಣ್ಣು. ಮೂವತ್ತರ ತನಕ ಚಿಂತೆಯಿಲ್ಲ. ಮೂವತ್ತೆಂಟರ ಹತ್ತಿರ ಬೆಲ್ಲ ಕಂಡರೆ ವಾಕರಿಕೆ. ಜೊತೆಗಿದ್ದ ಮಂಗಳೂರಿನ ಹುಡುಗಿಯೊಬ್ಬಳು ಉಪ್ಪು ಸವರಿದ ಬೇಯಿಸಿದ ಆಲೂಗಡ್ಡೆ ಕೊಟ್ಟಳು. ಹೊಟ್ಟೆ ಅದನ್ನು ಒಪ್ಪಿತು. ನನ್ನ ಮಗಳ ವಯಸ್ಸಿನವಳು, ‘ಅಂಕಲ್, ಏರಲ್ಲಿ ನಡೀರಿ’ ಎಂದು ನನಗೇ ಪಾಠ ಹೇಳಿ ಮುಂದೆ ಹೋದಳು. ಒಂಬತ್ತು ಗಂಟೆ ಚಿಲ್ಲರೆಗೆ ಮುಗಿಸಿದೆ, ಬಹಳ ಜನರ ಹಿಂದೆ. ಎರಡು ದಿನ ಮೆಟ್ಟಿಲನ್ನು ಹಿಮ್ಮುಖವಾಗಿ ಇಳಿದೆ.

ಈಗ ಎದೆಯ ಪ್ರಶ್ನೆ. ನಿಧಾನ ಓಟದಲ್ಲಿ ಹೃದಯ ತನ್ನ ಗರಿಷ್ಠ ಬಡಿತದ ಹತ್ತಿರಕ್ಕೂ ಹೋಗುವುದಿಲ್ಲ. 1600 ಮೀಟರಿನ ಹುಡುಗರ ಎದೆಯೇ ಹೆಚ್ಚು ಬಡಿಯುತ್ತದೆ. ಅಪಾಯವಿರುವುದು ಒಳಗೇ ಅಡಗಿದ ದೋಷದಲ್ಲಿ. ನಲವತ್ತು ದಾಟಿದವರಲ್ಲಿ ರಕ್ತನಾಳ ಕಟ್ಟಿಕೊಂಡಿರಬಹುದು. ಎಳೆಯರಲ್ಲಿ ಹೃದಯದ ಸ್ನಾಯು ದಪ್ಪಗಾಗುವ ಆನುವಂಶಿಕ ದೋಷವಿರಬಹುದು. ಓಡುವಾಗ ಕಣ್ಣು ಕತ್ತಲೆ ಬಂದು ಬಿದ್ದರೆ, ಎದೆ ಹಿಡಿದುಕೊಂಡರೆ, ಮನೆತನದಲ್ಲಿ ಯಾರಾದರೂ ಚಿಕ್ಕ ವಯಸ್ಸಿಗೆ ಹಠಾತ್ತನೆ ತೀರಿಕೊಂಡಿದ್ದರೆ, ನೂರು ಮೀಟರಿಗೂ ಮುಂಚೆ ವೈದ್ಯರ ಬಳಿ ಹೋಗಬೇಕು. ನಾನು ಇಸಿಜಿ ಮಾಡಿಸಿಕೊಂಡೇ ಅಭ್ಯಾಸ ಶುರು ಮಾಡಿದ್ದು.

ಆ ತಂದೆಗೆ ನಾನು ಹೇಳಿದ್ದು ‘ಈಗ ಬೇಡ’. ಇಂಥ ಓಟಗಳಿಗೆ ಸಾಮಾನ್ಯವಾಗಿ 18 ತುಂಬಿದವರನ್ನಷ್ಟೇ ಸೇರಿಸಿಕೊಳ್ಳುತ್ತಾರೆ, ಅದು ಸರಿಯೇ. ಬೆಳೆಯುವ ಮೂಳೆಯ ತುದಿಗಳಲ್ಲಿ ಮೆತ್ತನೆಯ ಮೃದ್ವಸ್ಥಿ ಇರುತ್ತದೆ. ಗಂಟೆಗಟ್ಟಲೆ ಗುದ್ದಿದರೆ ಅದಕ್ಕೆ ಪೆಟ್ಟು. ಇನ್ನೊಂದು ಕಾರಣವನ್ನೂ ಹೇಳಿದೆ. 2021ರ ಮೇ 22ರಂದು ಚೀನಾದ ಗಾನ್ಸು ಪ್ರಾಂತ್ಯದಲ್ಲಿ ನೂರು ಕಿ.ಮೀ. ಬೆಟ್ಟದ ಓಟದ ನಡುವೆ ಇದ್ದಕ್ಕಿದ್ದಂತೆ ಶೀತಗಾಳಿ, ಆಲಿಕಲ್ಲು ಮಳೆ ಬಂತು. ತೆಳು ಅಂಗಿ ತೊಟ್ಟಿದ್ದವರ ಮೈಯ ಬಿಸಿ ಆರಿಹೋಯಿತು. 21 ಮಂದಿ ಸತ್ತರು. ಅವರಲ್ಲಿ ದೇಶದ ಹೆಸರಾಂತ ಓಟಗಾರರೂ ಇದ್ದರು. ಅಂಥ ಹೊತ್ತಿನಲ್ಲಿ ‘ಸಾಕು, ವಾಪಸ್ಸು’ ಎಂದು ತಾನೇ ನಿರ್ಧರಿಸಬೇಕು. ಹದಿನಾಲ್ಕರ ಹುಡುಗನಿಗೆ ಗೆಳೆಯರೆದುರು ಆ ಮಾತು ಬಾಯಿಗೆ ಬರುವುದು ಕಷ್ಟ.

ಹುಡುಗ ಮುಖ ಸಣ್ಣದು ಮಾಡಿಕೊಂಡ. ನೂರು ಮೀಟರಿನಲ್ಲಿ ಯಾವಾಗಲೂ ಕೊನೆಯವನು ಅವನು. ಮೂರು, ನಾಲ್ಕು ಕಿ.ಮೀ. ಮಾತಾಡುತ್ತಾ ಓಡು, ಗಡಿಯಾರ ನೋಡಬೇಡ ಎಂದೆ. ಈಗ ಅವನೂ ಅವನ ತಂಗಿಯೂ ಭಾನುವಾರ ಬೆಳಗ್ಗೆ ಬರುತ್ತಾರೆ, ತಂದೆ ಸೈಕಲ್ಲಿನಲ್ಲಿ ಹಿಂದೆ. ಬೆಳಕು ಹರಿಯುವ ಮುನ್ನ ಗುಡ್ಡದ ಕಡೆ ಕಾಲಿಡುವುದಿಲ್ಲ, ಕರಡಿಗಳು ಮನೆಗೆ ಮರಳುವ ಹೊತ್ತು ಅದು. ಎಂಟು ಗಂಟೆಯೊಳಗೆ ಎಲ್ಲರೂ ವಾಪಸ್ಸು.