ಮಾರುವ ಮಾತಿನ ಮರ್ಮ

ಸಂತೆಯ ವ್ಯಾಪಾರಿಗೆ ಗಿರಾಕಿಯ ಮುಖ ಕಾಣುತ್ತದೆ. ಕೊಳ್ಳಲು ಬಂದವರು ಹಿಂಜರಿದರೆ ಆತ ಮಾತು ಬದಲಿಸಬಹುದು, ಮಾವಿನಹಣ್ಣಿನ ಒಂದು ಹೋಳು ಕೊಯ್ದು ಕೈಗಿಡಬಹುದು. ಪತ್ರಿಕೆಯ ಜಾಹೀರಾತಿಗೆ ಈ ಅನುಕೂಲವಿಲ್ಲ. ಓದುಗ ಎಲ್ಲಿದ್ದಾನೋ, ಯಾವ ಗಡಿಬಿಡಿಯಲ್ಲಿದ್ದಾನೋ ಬರೆದವನಿಗೆ ತಿಳಿಯದು. ಆದರೂ ನಾಲ್ಕಾರು ಸಾಲುಗಳು ಅವನನ್ನು ಅಂಗಡಿಯವರೆಗೆ ಕರೆತರಬೇಕು. ಇದನ್ನು ಸಾಧಿಸಿದವರ ಕೆಲಸವನ್ನು ನೋಡಿದರೆ ಒಂದು ಸಂಗತಿ ಸ್ಪಷ್ಟವಾಗುತ್ತದೆ. ಸರಕನ್ನು ಮಾರಿದ್ದು ಬಣ್ಣದ ಮಾತಲ್ಲ, ಕೊಳ್ಳುವವನ ಕೈಗೆ ಸಿಕ್ಕ ಒಂದು ಕಾರಣ.

1904ರಲ್ಲಿ ಅಮೆರಿಕದ ಷಿಕಾಗೊ ನಗರದ ಲಾರ್ಡ್ ಅಂಡ್ ಥಾಮಸ್ ಜಾಹೀರಾತು ಸಂಸ್ಥೆಗೆ ಜಾನ್ ಇ. ಕೆನಡಿ ಎಂಬಾತ ಬಂದ. ಜಾಹೀರಾತು ಎಂದರೇನೆಂದು ತನಗೆ ಗೊತ್ತಿದೆ ಎಂದು ಸಂಸ್ಥೆಯವರಿಗೆ ಚೀಟಿ ಕಳಿಸಿದ. ಆತ ಕೊಟ್ಟ ವ್ಯಾಖ್ಯೆ ಚಿಕ್ಕದು: ಅಚ್ಚಿನಲ್ಲಿ ನಡೆಯುವ ಮಾರಾಟಗಾರಿಕೆಯೇ ಜಾಹೀರಾತು. ಸರಕಿನ ಹೆಸರನ್ನು ಜನರ ಕಣ್ಣಿಗೆ ಮತ್ತೆ ಮತ್ತೆ ಬೀಳಿಸಿದರೆ ಸಾಕೆಂದು ಆಗ ಹಲವರು ನಂಬಿದ್ದರು. ಸಾಲದು, ಮಾರಾಟಗಾರ ಎದುರು ನಿಂತು ಕೊಡುವ ಕಾರಣಗಳನ್ನು ಅಚ್ಚಿನಲ್ಲೂ ಕೊಡಬೇಕು ಎಂಬುದು ಕೆನಡಿಯ ವಾದ.

ಎಲ್ಲರೂ ಮಾಡುವುದೇ, ಹೇಳಿದವರಿಲ್ಲ

ಇದೇ ದಾರಿ ಹಿಡಿದ ಇನ್ನೊಬ್ಬ ಕ್ಲಾಡ್ ಹಾಪ್‌ಕಿನ್ಸ್. ಮಿಲ್ವಾಕೀ ನಗರದ ಷ್ಲಿಟ್ಸ್ ಬಿಯರ್ ಕಂಪನಿಗೆ ಜಾಹೀರಾತು ಬರೆಯಬೇಕಿತ್ತು. ಎಲ್ಲ ಕಂಪನಿಗಳೂ ‘ನಮ್ಮದು ಶುದ್ಧ’ ಎಂದು ಕೂಗುತ್ತಿದ್ದವು. ಹಾಪ್‌ಕಿನ್ಸ್ ಕಾರ್ಖಾನೆಯೊಳಗೆ ಸುತ್ತಾಡಿದ. ಆಳವಾದ ಬಾವಿಗಳಿಂದ ನೀರು ಬರುತ್ತಿತ್ತು. ಬಾಟಲಿಗಳನ್ನು ಹಬೆಯಿಂದ ತೊಳೆಯುತ್ತಿದ್ದರು. ಇದನ್ನೇಕೆ ಹೇಳುವುದಿಲ್ಲ ಎಂದು ಕೇಳಿದಾಗ, ಎಲ್ಲರೂ ಹೀಗೆಯೇ ಮಾಡುತ್ತಾರಲ್ಲ ಎಂಬ ಉತ್ತರ ಬಂತು. ಎಲ್ಲರೂ ಮಾಡುತ್ತಿದ್ದರು ನಿಜ, ಆದರೆ ಯಾರೂ ಹೇಳಿರಲಿಲ್ಲ. ಹಾಪ್‌ಕಿನ್ಸ್ ಅದನ್ನೇ ಬರೆದ. ‘ಶುದ್ಧ’ ಎಂಬ ಸವೆದ ಪದಕ್ಕೆ ಬಾವಿ, ಹಬೆ, ಬಾಟಲಿಗಳ ಪುರಾವೆ ದೊರೆಯಿತು. ಕೆಲವೇ ತಿಂಗಳಲ್ಲಿ ಷ್ಲಿಟ್ಸ್ ಮಾರಾಟದಲ್ಲಿ ಮುಂಚೂಣಿಗೆ ಬಂತೆಂದು ಆತ ಆತ್ಮಕಥೆಯಲ್ಲಿ ಹೇಳಿಕೊಂಡಿದ್ದಾನೆ.

ಹಾಪ್‌ಕಿನ್ಸ್ ಊಹೆಯನ್ನು ನಂಬುತ್ತಿರಲಿಲ್ಲ. ಜಾಹೀರಾತಿನ ಮೂಲೆಯಲ್ಲಿ ಕೂಪನ್ ಇರುತ್ತಿತ್ತು. ಒಂದೇ ಸರಕಿಗೆ ಬೇರೆ ಬೇರೆ ತಲೆಬರಹ ಕೊಟ್ಟು, ಯಾವುದರ ಕೂಪನ್‌ಗಳು ಹೆಚ್ಚು ವಾಪಸು ಬಂದವೆಂದು ಎಣಿಸುತ್ತಿದ್ದ. ಓದುಗ ಮೆಚ್ಚಿದನೇ ಎಂಬುದಲ್ಲ, ಕತ್ತರಿ ಹಿಡಿದನೇ ಎಂಬುದು ಆತನ ಅಳತೆಗೋಲು. ಈ ಅನುಭವದ ಸಾರ 1923ರಲ್ಲಿ ‘ಸೈಂಟಿಫಿಕ್ ಅಡ್ವರ್ಟೈಸಿಂಗ್’ ಎಂಬ ಪುಸ್ತಕವಾಯಿತು.

ಆ ಪುಸ್ತಕವನ್ನು ತಲೆಯ ಮೇಲಿಟ್ಟುಕೊಂಡವನು ಡೇವಿಡ್ ಓಗಿಲ್ವಿ. ಸ್ಕಾಟ್ಲೆಂಡಿನಲ್ಲಿ ಮನೆಮನೆಗೆ ಹೋಗಿ ಅಡುಗೆ ಒಲೆ ಮಾರಿ ಪಳಗಿದ ಆತ 1948ರಲ್ಲಿ ನ್ಯೂಯಾರ್ಕಿನಲ್ಲಿ ಸ್ವಂತ ಸಂಸ್ಥೆ ತೆರೆದ. ರೋಲ್ಸ್ ರಾಯ್ಸ್ ಕಾರಿಗೆ ಜಾಹೀರಾತು ಬರೆಯುವ ಮೊದಲು ಆ ಕಾರಿನ ಬಗ್ಗೆ ಮೂರು ವಾರ ಓದಿದ. ಗಂಟೆಗೆ 60 ಮೈಲಿ ವೇಗದಲ್ಲೂ ಕಾರಿನೊಳಗಿನ ಅತಿ ದೊಡ್ಡ ಸದ್ದು ವಿದ್ಯುತ್ ಗಡಿಯಾರದ್ದು ಎಂಬ ಮಾತು ಮೋಟಾರು ಪತ್ರಿಕೆಯೊಂದರಲ್ಲಿ ಸಿಕ್ಕಿತು. ಅದನ್ನೇ ತಲೆಬರಹ ಮಾಡಿದ. ‘ಅದ್ಭುತ’, ‘ಅಪ್ರತಿಮ’ ಎಂಬ ಯಾವ ವಿಶೇಷಣವೂ ಅದರಲ್ಲಿರಲಿಲ್ಲ.

ಅರ್ಧ ಕಿಲೋದ ಲೆಕ್ಕ

ಭಾರತದಲ್ಲಿ ಇದಕ್ಕೆ ಒಳ್ಳೆಯ ನಿದರ್ಶನ ಸರ್ಫ್‌ನ ಲಲಿತಾಜಿ. 1969ರಲ್ಲಿ ಅಹಮದಾಬಾದಿನ ಕರ್ಸನ್‌ಭಾಯಿ ಪಟೇಲ್ ಸೈಕಲ್ ಮೇಲೆ ಮಾರಲಾರಂಭಿಸಿದ ನಿರ್ಮಾ ಪುಡಿ ಸರ್ಫ್‌ಗಿಂತ ಬಹಳ ಅಗ್ಗವಾಗಿತ್ತು. ಅದರ ಹೊಡೆತಕ್ಕೆ ಸರ್ಫ್ ತತ್ತರಿಸಿತು. ಬೆಲೆ ಇಳಿಸದೆ ಗಿರಾಕಿಗಳನ್ನು ಉಳಿಸಿಕೊಳ್ಳುವುದು ಹೇಗೆ? ಎಂಬತ್ತರ ದಶಕದಲ್ಲಿ ಲಿಂಟಾಸ್ ಸಂಸ್ಥೆಯ ಅಲೀಕ್ ಪದಮ್ಸೀ ಅವರ ತಂಡ ಲಲಿತಾಜಿಯನ್ನು ಕಿರುತೆರೆಗೆ ತಂದಿತು. ಪಾತ್ರ ವಹಿಸಿದವರು ಕವಿತಾ ಚೌಧರಿ. ತರಕಾರಿಗೆ ಚೌಕಾಸಿ ಮಾಡುವ ಈ ಗೃಹಿಣಿ, ಅಗ್ಗದ ವಸ್ತುವಿಗೂ ಒಳ್ಳೆಯ ವಸ್ತುವಿಗೂ ವ್ಯತ್ಯಾಸವಿದೆ ಎಂದಳು. ಅರ್ಧ ಕಿಲೋ ಸರ್ಫ್ ಒಂದು ಕಿಲೋ ಅಗ್ಗದ ಪುಡಿಗೆ ಸಮ ಎಂಬ ಲೆಕ್ಕವನ್ನು ಮುಂದಿಟ್ಟಳು. ದುಬಾರಿ ಸರಕು ಕೊಳ್ಳುವುದು ದುಂದಲ್ಲ, ಜಾಣತನ ಎಂಬ ಸಮಾಧಾನ ಮಧ್ಯಮ ವರ್ಗದ ಮನೆಗೆ ಸಿಕ್ಕಿತು.

ಆ ಜಾಹೀರಾತಿನ ಹಿಂದಿ ಘೋಷವಾಕ್ಯದಲ್ಲಿ ‘ಖರೀದಾರಿ’ಗೂ ‘ಸಮಝ್‌ದಾರಿ’ಗೂ ಪ್ರಾಸ ಕೂಡುತ್ತದೆ. ಕನ್ನಡಕ್ಕೆ ತಂದರೆ ‘ಖರೀದಿ’ಗೂ ‘ಜಾಣತನ’ಕ್ಕೂ ಪ್ರಾಸವಿಲ್ಲ. ಆದರೆ ಅರ್ಧ ಕಿಲೋದ ಲೆಕ್ಕ ಯಾವ ಭಾಷೆಯ ಗೃಹಿಣಿಗೂ ಅರ್ಥವಾಗುತ್ತದೆ. ಮುಂಬೈಯಲ್ಲಿ ಹುಟ್ಟಿ ಅನುವಾದಗೊಂಡು ಬರುವ ಎಷ್ಟೋ ಜಾಹೀರಾತುಗಳು ಕನ್ನಡದಲ್ಲಿ ಸಪ್ಪೆಯಾಗುವುದು ಇಲ್ಲಿಯೇ. ಪ್ರಾಸವನ್ನೇ ನೆಚ್ಚಿದ್ದು ದಾರಿಯಲ್ಲಿ ಸೋರಿಹೋಗುತ್ತದೆ, ಕಾರಣವನ್ನು ನೆಚ್ಚಿದ್ದು ಉಳಿಯುತ್ತದೆ.

ಭಯವೇ ಬಂಡವಾಳ

ಆದರೆ ಕೊಟ್ಟ ಕಾರಣವೇ ಸುಳ್ಳಾಗಿದ್ದರೆ? ಅಮೆರಿಕದ ಲಿಸ್ಟರಿನ್ ದ್ರಾವಣದ ಕಥೆ ಇದಕ್ಕೆ ಪಾಠ. 1879ರಲ್ಲಿ ನಂಜುನಿವಾರಕವಾಗಿ ತಯಾರಾದ ಇದನ್ನು 1920ರ ದಶಕದಲ್ಲಿ ಬಾಯಿಯ ದುರ್ವಾಸನೆಯ ಭಯ ಹುಟ್ಟಿಸಿ ಮಾರಿದರು. ಚೆಲುವೆಯಾದರೂ ಮದುವೆಯಾಗದ ಯುವತಿಯ ಚಿತ್ರ, ನಿಮ್ಮ ಬಾಯಿ ವಾಸನೆಯನ್ನು ಆಪ್ತ ಗೆಳೆಯರೂ ನಿಮಗೆ ಹೇಳರೆಂಬ ಎಚ್ಚರಿಕೆ. ಯಾರೂ ಹೇಳದಿದ್ದರೆ ಅನುಮಾನ ತೀರುವುದು ಹೇಗೆ? ಬಾಟಲಿ ಕೊಳ್ಳುವುದೊಂದೇ ದಾರಿ. ನೆಗಡಿ, ಗಂಟಲುನೋವನ್ನೂ ಇದು ತಡೆಯುತ್ತದೆಂದು 1921ರಿಂದಲೇ ಪ್ರಚಾರ ನಡೆದಿತ್ತು. ಈ ಮಾತಿಗೆ ಆಧಾರವಿಲ್ಲವೆಂದು ಅಲ್ಲಿನ ಫೆಡರಲ್ ಟ್ರೇಡ್ ಕಮಿಷನ್ 1975ರಲ್ಲಿ ತೀರ್ಪಿತ್ತಿತು. ಮುಂದಿನ ಸುಮಾರು ಒಂದು ಕೋಟಿ ಡಾಲರ್ ಮೊತ್ತದ ಜಾಹೀರಾತುಗಳಲ್ಲಿ, ಲಿಸ್ಟರಿನ್ ನೆಗಡಿಯನ್ನು ತಡೆಯದು ಎಂದು ಕಂಪನಿಯೇ ಸಾರಬೇಕೆಂದು ಆಜ್ಞಾಪಿಸಿತು. 1977ರಲ್ಲಿ ಮೇಲ್ಮನವಿ ನ್ಯಾಯಾಲಯ ಇದನ್ನು ಬಹುಮಟ್ಟಿಗೆ ಎತ್ತಿಹಿಡಿಯಿತು. ಒಂದು ಸುಳ್ಳು ಅರ್ಧ ಶತಮಾನ ಮಾರಾಟವಾಗಿತ್ತು.

ಭಾರತದಲ್ಲಿ ಪವಾಡದ ಔಷಧಿಗಳ ಜಾಹೀರಾತಿಗೆ 1954ರ ಕಾಯ್ದೆಯೇ ಕಡಿವಾಣ ಹಾಕಿದೆ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯ ಪ್ರಕಾರ ದಾರಿತಪ್ಪಿಸುವ ಜಾಹೀರಾತಿಗೆ 10 ಲಕ್ಷ ರೂಪಾಯಿವರೆಗೆ, ಮರುಕಳಿಸಿದರೆ 50 ಲಕ್ಷದವರೆಗೆ ದಂಡ ವಿಧಿಸಬಹುದು. ಸರಕನ್ನು ಹೊಗಳುವ ತಾರೆಯರೂ ಇದಕ್ಕೆ ಹೊರತಲ್ಲ.

ಆದರೂ ಕಾಯ್ದೆ ಎಚ್ಚರಗೊಳ್ಳುವಷ್ಟರಲ್ಲಿ ಹಣ ಕೈಬಿಟ್ಟಿರುತ್ತದೆ. ಹಾಪ್‌ಕಿನ್ಸ್ ಷ್ಲಿಟ್ಸ್‌ಗೆ ಬರೆದದ್ದು ನಿಜ, ಆದರೆ ಆ ಗುಣ ಷ್ಲಿಟ್ಸ್‌ಗೆ ಮಾತ್ರ ಇದ್ದುದಲ್ಲ. ಹೀಗಾಗಿ ಓದುಗ ಎರಡು ಪ್ರಶ್ನೆ ಕೇಳಿಕೊಳ್ಳುವುದು ಒಳ್ಳೆಯದು. ಇಲ್ಲಿ ಹೇಳಿದ್ದನ್ನು ಪರೀಕ್ಷಿಸಿ ನೋಡಲು ಸಾಧ್ಯವೇ? ಸಾಧ್ಯವಾದರೆ, ಪಕ್ಕದ ಅಂಗಡಿಯ ಸರಕಿಗೆ ಈ ಗುಣ ಇಲ್ಲವೇ? ಎರಡಕ್ಕೂ ಉತ್ತರ ಕೊಡಬಲ್ಲ ಜಾಹೀರಾತು, ಸಂತೆಯ ವ್ಯಾಪಾರಿ ಕೊಯ್ದು ಕೊಟ್ಟ ಹಣ್ಣಿನ ಹೋಳಿನಷ್ಟೇ ಪ್ರಾಮಾಣಿಕ.