ಫೋಮಿನ ಪಟ್ಟಿಯೂ ವಿಮೆಯ ಕಲಮೂ

ನಮ್ಮ ಕರಾವಳಿಯಲ್ಲಿ ಆನೆಕಾಲು ರೋಗದವರನ್ನು ಕಂಡಿರುವ ವಾಚಕರಿಗೆ ದುಗ್ಧರಸದ ಊತವೆಂದರೇನೆಂದು ವಿವರಿಸಬೇಕಾದುದಿಲ್ಲ. ಅಮೆರಿಕದಲ್ಲಿ ಈ ಊತವು ಬಹುಮಟ್ಟಿಗೆ ಕ್ಯಾನ್ಸರಿನ ಚಿಕಿತ್ಸೆಯ ಬೆನ್ನಿಗೆ ಬರತಕ್ಕದ್ದು. ಕಂಕುಳಿನ ಗ್ರಂಥಿಗಳನ್ನು ತೆಗೆದ ಮೇಲೆ ತೋಳಿನ ರಸವು ಹರಿದುಹೋಗಲು ದಾರಿ ಸಾಲದೆ ಅಲ್ಲಿಯೇ ನಿಲ್ಲುತ್ತದೆ.

ಇದನ್ನು ಗುಣಪಡಿಸುವ ಔಷಧವಿಲ್ಲ. ಬಿಗಿಯುವ ಪಟ್ಟಿಯೇ ಗತಿ. ಬರಿಯ ಪಟ್ಟಿಯನ್ನು ಸುತ್ತಿದರೆ ಮೂಳೆಯುಬ್ಬಿದಲ್ಲಿ ಒತ್ತಡ ಹೆಚ್ಚಿ ಚರ್ಮ ಕೆಡುವುದು, ತಗ್ಗಿನಲ್ಲಿ ಒತ್ತಡವೇ ತಾಗದು. ಆದುದರಿಂದ ಒಳಗೆ ಫೋಮಿನ ಹಾಳೆಯನ್ನಿಟ್ಟು ಒತ್ತಡವನ್ನು ಸಮಗೊಳಿಸಿ, ಅದರ ಮೇಲೆ ಅಷ್ಟಾಗಿ ಹಿಗ್ಗದ ಪಟ್ಟಿಯನ್ನು ಸುತ್ತುವರು. ಗಟ್ಟಿಗೊಂಡ ಊತವನ್ನು ಮೆದುಗೊಳಿಸಲೂ ಫೋಮು ನೆರವಾಗುವುದು. ರೋಗಿಯು ಕಲಿತರೆ ಮನೆಯಲ್ಲಿಯೇ ಕಟ್ಟಿಕೊಳ್ಳಬಹುದು; ಆದರೆ ಸವೆದಂತೆಲ್ಲ ಹೊಸತನ್ನು ಕೊಳ್ಳಬೇಕು.

ಈ ವೆಚ್ಚ ಯಾರದು? ಅಲ್ಲಿ 65 ವರ್ಷ ತುಂಬಿದವರಿಗೆಂದು 1965ರ ಕಾನೂನಿನಿಂದ ಏರ್ಪಟ್ಟ ಮೆಡಿಕೇರ್ ಎಂಬ ಸರಕಾರೀ ವಿಮೆಯುಂಟು. 2023ರ ಕೊನೆಯವರೆಗೂ ಅದು ಈ ರೋಗಿಗಳು ಮನೆಯಲ್ಲಿ ಕಟ್ಟಿಕೊಳ್ಳುವ ಪಟ್ಟಿಗೆ ಹಣ ಕೊಡುತ್ತಿರಲಿಲ್ಲ. ಊತವನ್ನು ಒತ್ತುವ ಗಾಳಿಯಂತ್ರಕ್ಕೆ ಕೊಡುತ್ತಿತ್ತು! ಪಟ್ಟಿಯಿಲ್ಲದೆ ಚರ್ಮಕ್ಕೆ ಸೋಂಕು ತಗುಲಿ ಆಸ್ಪತ್ರೆ ಸೇರಿದರೆ ಅದಕ್ಕೂ ಕೊಡುತ್ತಿತ್ತು. ಇದನ್ನು ಜಿಪುಣತನವೆಂದೂ ಹೇಳಲಾರೆವು. ಕಾನೂನು ಎಣಿಸಿದ ವರ್ಗಗಳಲ್ಲಿ ಪಟ್ಟಿಯು ಯಾವುದಕ್ಕೂ ಸೇರಲಿಲ್ಲ; ಬಾಳಿಕೆಯ ಯಂತ್ರವೂ ಅಲ್ಲ, ಗಾಯದ ಕಟ್ಟೂ ಅಲ್ಲ. ಕಲಮಿಲ್ಲವೆಂದ ಮೇಲೆ ವೈದ್ಯನ ಮಾತು ನಡೆಯದು. ಕಚೇರಿಗಳನ್ನು ಬಲ್ಲ ನಮ್ಮ ವಾಚಕರಿಗೆ ಇದು ಅಚ್ಚರಿಯೆನಿಸದು.

ಆ ಕಲಮನ್ನು ಸೇರಿಸುವ ಮಸೂದೆಯು 2010ರಲ್ಲಿ ಅಲ್ಲಿಯ ಶಾಸನಸಭೆಯ ಮುಂದೆ ಬಂದಿತು; 2022ರ ಡಿಸೆಂಬರಿನಲ್ಲಿ ಶಾಸನವಾಯಿತು; 2024ರ ಜನವರಿ 1ರಿಂದ ಜಾರಿಗೆ ಬಂದಿತು. ಅಲ್ಲಿಂದೀಚೆಗೆ ಬಿಲ್ಲಿನಲ್ಲಿ ದಟ್ಟ ಫೋಮಿನ ಹಾಳೆಗೆ 250 ಚದರ ಸೆಂಟಿಮೀಟರಿನ ಲೆಕ್ಕ, ಸುರುಳಿಗೆ ಗಜದ ಲೆಕ್ಕ. ಹಗುರ ಫೋಮಿಗೆ ಬೇರೆ ಸಂಕೇತ. ವರ್ಷದ ಆರಂಭದ ನಿಗದಿತ ಮೊತ್ತವನ್ನು ರೋಗಿಯು ತೆತ್ತ ಮೇಲೆ, ಮಂಜೂರಾದ ಬೆಲೆಯಲ್ಲಿ ನೂರಕ್ಕೆ 80 ಭಾಗವನ್ನು ವಿಮೆಯು ವಹಿಸುವುದು.

ಆದರೆ ರೋಗವು ದುಗ್ಧರಸದ ಊತವೆಂದೇ ವೈದ್ಯನು ಬರೆದಿರಬೇಕು. ಸಿರೆಯ ದೋಷದಿಂದ ಮಾತ್ರವೇ ಕಾಲು ಊದಿದವನಿಗೆ ಈ ಶಾಸನ ಒದಗದು. ಅವನ ಕಾಲಿನಲ್ಲಿ ಬಾಯ್ದೆರೆದ ಹುಣ್ಣಿದ್ದರೆ ಗಾಯದ ಕಟ್ಟೆಂಬ ಲೆಕ್ಕದಲ್ಲಿ ಬಿಗಿಪಟ್ಟಿಗೆ ಹಣ ದೊರೆಯಬಹುದು. ಹುಣ್ಣು ಮಾಯ್ದೊಡನೆ ಅದು ನಿಲ್ಲುವುದು. ಮಾಯ್ದ ಹುಣ್ಣು ಮರಳಿ ಬಾರದಂತೆ ಅವನು ಆ ಪಟ್ಟಿಯನ್ನು ಮುಂದೆಯೂ ಕಟ್ಟಿಕೊಳ್ಳಬೇಕು, ಸ್ವಂತ ಖರ್ಚಿನಿಂದ.